ಸಾವಿರದ ಇನ್ನೂರು ಮೀಟರ್

ನವೆಂಬರ್ ಅರ್ಧ ಕಳೆದಿತ್ತು. ಮಳೆಗಾಲದ ಬೆಳೆ ಕೊಯ್ದಾಗಿ, ಇಲಾವೊದ್‌ನ ಗದ್ದೆಗಳಲ್ಲಿ ಬರಿಯ ಕೂಳೆ ಉಳಿದಿತ್ತು. ಮೇಲಿನ ಇಲಯಾದವರು ಆಗಲೇ ಎರಡನೆಯ ಬೆಳೆಗೆ ಮಡಿ ಮಾಡಿ ಸಸಿ ಹಾಕತೊಡಗಿದ್ದರು. ಅವರಿಗೆ ಕಾಲುವೆಯ ನೀರು ಬರುತ್ತಿತ್ತು. ಕೆಳಗಿನ ಇಲಾವೊದ್‌ಗೆ ಬರುತ್ತಿರಲಿಲ್ಲ. ಮೂರು ವರ್ಷದ ಹಿಂದಿನ ಚಂಡಮಾರುತದಲ್ಲಿ ಕುಸಿದು ಹೂಳು ತುಂಬಿಕೊಂಡ ಕಾಲುವೆ ಹಾಗೆಯೇ ಬಿದ್ದಿತ್ತು. ಈಗ ಅದರೊಳಗೆ ಮೇಕೆ ಕಟ್ಟುತ್ತಿದ್ದರು.

ಬೆಳಗಿನ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಕ್ರಿಸಾಂತೊ ಟಾರ್ಪಾಲು ಬಿಚ್ಚಿ ಭತ್ತ ಹರವುತ್ತಿದ್ದ. ಟಾರ್ಪಾಲು ಸರಕಾರದ್ದು. ಕಾಲುವೆ ದುರಸ್ತಿಯ ಫಲಕವೆಂದು ಕಳೆದ ವರ್ಷ ಅದನ್ನು ಕಾಲುವೆಯ ಬಾಯಲ್ಲಿ ಬಿದಿರಿಗೆ ಕಟ್ಟಿ ನಿಲ್ಲಿಸಿದ್ದರು. ಗಾಳಿಗೆ ಕಿತ್ತುಬಂದಾಗ ಕ್ರಿಸಾಂತೊ ಮಡಚಿ ಮನೆಗೆ ತಂದಿದ್ದ. ಅದರ ಒಂದು ಮೂಲೆಯಲ್ಲಿ ಮೇಯರರ ನಗುಮುಖ ದೊಡ್ಡದಾಗಿತ್ತು. ಮರದ ಕುಂಟೆಯಿಂದ ಭತ್ತ ಎಳೆದಾಗಲೆಲ್ಲ ಹಲ್ಲು ಕಾಣುತ್ತಿತ್ತು, ಮತ್ತೆ ಮುಚ್ಚಿಹೋಗುತ್ತಿತ್ತು.

"ಮುಖದ ಮೇಲೆ ಸ್ವಲ್ಪ ದಪ್ಪವಾಗಿ ಹರವು," ಅಡುಗೆಮನೆಯ ಕಿಟಕಿಯಿಂದ ಸೊಲೆದಾದ್ ಕೂಗಿದಳು. "ಅಲ್ಲಿ ಬೇಗ ಒಣಗುತ್ತೆ."

"ಅಲ್ಲಿ ಬಿಸಿ ಜಾಸ್ತಿ," ಎಂದ ಅವಳ ಗಂಡ.

ಅಂದು ಶನಿವಾರ. ಶನಿವಾರ ಪಟ್ಟಣದ ರೇಡಿಯೊದಲ್ಲಿ ತೋತಿಂಗ್ ಎಂಬಾತ ಊರವರ ಮಾತು ಕೇಳುತ್ತಿದ್ದ. ಫೋನು ಮಾಡಿದವರು ಒಂದು ನಿಮಿಷ ದೇಶದ ಬಗ್ಗೆ ಏನು ಬೇಕಾದರೂ ಹೇಳಬಹುದಿತ್ತು. ಏಳು ವರ್ಷದಿಂದ ಕ್ರಿಸಾಂತೊ ಒಂದು ಶನಿವಾರವೂ ತಪ್ಪಿಸಿರಲಿಲ್ಲ. ಅರವತ್ತೆಂಟು ವರ್ಷದ ಈ ರೈತ ಇಲಾವೊದ್‌ನ ನೀರುಗಾರರ ಸಂಘಕ್ಕೆ, ಅಂದರೆ ಕಾಲುವೆ ನೀರು ನಂಬಿದ ರೈತರ ಸಂಘಕ್ಕೆ, ಅಧ್ಯಕ್ಷ. ಆದರೆ ಹೊರಗಿನವರಿಗೆ ಅವನು ರೇಡಿಯೊದ ಸಾಂತೊ. ಅಕ್ಕಿಯ ಆಮದು, ಸೆನೆಟರರ ಮಕ್ಕಳು, ಮತದಾನದ ಮುನ್ನಾದಿನ ಹಂಚುವ ಲಕೋಟೆ, ಯಾವುದನ್ನೂ ಬಿಟ್ಟವನಲ್ಲ.

ಆ ವಾರ ರೇಡಿಯೊ ತುಂಬ ರಾಜಧಾನಿಯ ಸುದ್ದಿ. ಪ್ರವಾಹ ತಡೆಯಲು ಕಟ್ಟಿದ್ದೇವೆಂದು ದುಡ್ಡು ಎತ್ತಿದ ಒಡ್ಡುಗಳು ನದಿಯ ದಂಡೆಯಲ್ಲಿ ಇಲ್ಲವೇ ಇಲ್ಲ ಎಂದು ಗೊತ್ತಾಗಿತ್ತು.

"ತೋತಿಂಗ್, ದುಡ್ಡು ತಿಂದೋನು ತಿಂದ. ಅದೇನು ಹೊಸ ವಿಷಯ ಅಲ್ಲ," ಕ್ರಿಸಾಂತೊ ಫೋನನ್ನು ಬಾಯಿಯ ಹತ್ತಿರ ಹಿಡಿದು ಗದ್ದೆಯಲ್ಲಿ ಕೂಗುವವನಂತೆ ಕೂಗಿದ. "ನಂಗೆ ಬೇಕಾಗಿರೋನು ಬೇರೆ. ಆ ಕಾಗದದ ಕೆಳಗೆ 'ಕೆಲಸ ಮುಗಿದಿದೆ' ಅಂತ ಸಹಿ ಹಾಕಿದಾನಲ್ಲ, ಅವನು. ಎದ್ದು ಹೋಗಿ ನದೀನ ಒಂದ್ಸಲ ನೋಡೋಕಾಗ್ಲಿಲ್ವಾ? ಸಹಿ ಹಾಕುವಾಗ ಅವನ ಬಾಯಲ್ಲಿ ಏನಿತ್ತು ಅಂತ ಕೇಳಿ ನೋಡು!"

ತೋತಿಂಗ್ ಹೊಟ್ಟೆ ಹಿಡಿದು ನಕ್ಕಿದ್ದು ರೇಡಿಯೊದಲ್ಲಿ ಕೇಳಿಸಿತು. ಸಂಜೆಯ ಹೊತ್ತಿಗೆ ಅಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ಒಬ್ಬರನ್ನೊಬ್ಬರು "ಬಾಯಲ್ಲಿ ಏನೈತೋ?" ಎಂದು ಕೇಳುವುದಕ್ಕೆ ಶುರುಮಾಡಿದ್ದರು.

ಮರುದಿನ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ಹಸಿ ತೊಗರಿಕಾಳಿನ ಕಾಲ. ಸೊಲೆದಾದ್ ತೊಗರಿ, ಎಳೆ ಹಲಸು, ಹಂದಿಮಾಂಸ ಹಾಕಿ ಹುಳಿಸಾರು ಮಾಡಿದ್ದಳು. ಅವಳು ಅದನ್ನು ತಿನ್ನುವಂತಿರಲಿಲ್ಲ. ಮೂತ್ರಪಿಂಡ ಕೈಕೊಟ್ಟು ಒಂದು ವರ್ಷ ಎಂಟು ತಿಂಗಳು. ವಾರಕ್ಕೆ ಮೂರು ಸಲ ಪಟ್ಟಣದ ಆಸ್ಪತ್ರೆಯಲ್ಲಿ ಯಂತ್ರಕ್ಕೆ ರಕ್ತ ಕೊಟ್ಟು ಶುದ್ಧ ಮಾಡಿಸಿಕೊಂಡು ಬರಬೇಕಿತ್ತು. ಎರಡು ಸಲದ್ದು ವಿಮೆಯಲ್ಲಿ ಸಾಗುತ್ತಿತ್ತು. ಮೂರನೆಯದಕ್ಕೂ ಚುಚ್ಚುಮದ್ದಿಗೂ ಮೇಯರರ ಮನೆಯ ಕಚೇರಿಯಿಂದ ತಿಂಗಳು ತಿಂಗಳು ಒಂದು ಚೀಟಿ ತರಬೇಕು. ಇಡೀ ದಿನಕ್ಕೆ ಅವಳ ಪಾಲಿನ ನೀರು ಒಂದು ಸಣ್ಣ ಬಾಟಲಿ. ಅದನ್ನು ಮೇಜಿನ ಮೇಲೆ ಕಣ್ಣೆದುರಿಗೇ ಇಟ್ಟುಕೊಂಡು ಗುಟುಕು ಗುಟುಕಾಗಿ ಮುಗಿಸುತ್ತಿದ್ದಳು.

"ಐರಾ," ಕ್ರಿಸಾಂತೊ ಮೊಮ್ಮಗಳನ್ನು ಕರೆದ. "ಸರಕಾರದೋರು ಎಲ್ಲ ಕಾಮಗಾರಿ ಪಟ್ಟೀನೂ ಫೋನಲ್ಲಿ ಹಾಕಿದಾರಂತೆ. ನಮ್ಮ ಜಿಲ್ಲೇದು ತೆಗಿ. ಇಲ್ಲೆಷ್ಟು ಕಳ್ಳರಿದಾರೆ ನೋಡೋಣ. ಮುಂದಿನ ಶನಿವಾರಕ್ಕೆ ಬೇಕು."

"ಅವಳನ್ನ ಊಟ ಮಾಡೋಕೆ ಬಿಡಿ ಅಪ್ಪ," ಎಂದಳು ಸೊಸೆ ಮರಿವಿಕ್. ಅವಳು ಪಟ್ಟಣದ ಪುರಭವನದಲ್ಲಿ ಗುಮಾಸ್ತೆ. ಆರಾರು ತಿಂಗಳಿಗೆ ಕಾಗದ ಹೊಸದು ಮಾಡಿಸಿಕೊಳ್ಳಬೇಕಾದ ಕೆಲಸ. ಕಳ್ಳರ ಮಾತು ಬಂದಾಗಲೆಲ್ಲ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

"ತಿಂತಾನೇ ನೋಡ್ತೀನಮ್ಮ," ಎಂದಳು ಐರಾ. ಹದಿನಾರರ ಹುಡುಗಿಗೆ ಎಡಗೈಯಲ್ಲಿ ಫೋನು ಒತ್ತುವುದು, ಬಲಗೈಯಲ್ಲಿ ಉಣ್ಣುವುದು ಎರಡೂ ಒಟ್ಟಿಗೆ ಬರುತ್ತಿತ್ತು. "ಸೇತುವೆ... ಶಾಲೆ ಕಟ್ಟಡ... ಅಯ್ಯೋ, ನಮ್ಮೂರೂ ಇದೆ! ಇಲಾವೊದ್ ಕಾಲುವೆ. ಕಾಂಕ್ರೀಟ್ ಗೋಡೆ ಸಮೇತ ಸಾವಿರದ ಇನ್ನೂರು ಮೀಟರ್. ಮುಗಿದಿದೆ, ನೂರಕ್ಕೆ ನೂರು."

ಅವಳಪ್ಪ ರೋಮುಲೊ ಜೋರಾಗಿ ನಕ್ಕ. "ನಂಗೆ ಹೇಳ್ಲೇ ಇಲ್ವಲ್ಲ! ನಿನ್ನೆ ಅದ್ರಲ್ಲೇ ಮೇಕೆ ಕಟ್ಟಿ ಬಂದೆ."

"ಯಾರು ಅಂತ ಬರೆದಿದೆ ನೋಡು," ಕ್ರಿಸಾಂತೊ ಬಟ್ಟಲನ್ನು ಪಕ್ಕಕ್ಕೆ ತಳ್ಳಿದ. ಸಿಟ್ಟು, ಖುಷಿ ಎರಡೂ ಒಟ್ಟಿಗೆ ಏರಿ ಅವನ ಕಿವಿ ಕೆಂಪಾಗಿತ್ತು. "ಯಾವನು ಸಹಿ ಹಾಕಿದಾನೆ? ಅದೂ ಇರುತ್ತೆ."

ಐರಾ ಬೆರಳಾಡಿಸಿದಳು. ಅಗಿಯುವುದು ನಿಂತಿತು. ಫೋನನ್ನು ಅಂಗಾತ ಮೇಜಿನ ಮೇಲಿಟ್ಟು ಲೋಲೊನ, ಅಂದರೆ ಅಜ್ಜನ, ಕಡೆ ಮೆಲ್ಲಗೆ ಸರಿಸಿದಳು.

"ಲೋಲೊ, ಇದು ನಿನ್ನ ಸಹಿ ಅಲ್ವಾ?"

ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ದೊಡ್ಡ 'ಕ್ರಿ', ಉದ್ದ ಬಾಲ. ನಲವತ್ತು ವರ್ಷದಿಂದ ಹಾಗೇ ಹಾಕುತ್ತ ಬಂದಿದ್ದ ಸಹಿ. ಕೆಳಗೆ 'ಅಧ್ಯಕ್ಷ, ನೀರುಗಾರರ ಸಂಘ.' ಅದಕ್ಕಂಟಿಸಿದ ಹಾಳೆಯಲ್ಲಿ ಸಂಘದ ನಲವತ್ತು ಮಂದಿಯ ಹೆಸರು, ಸಹಿ, ಹೆಬ್ಬೆಟ್ಟು.

"ಇದು... ಇದು ಊಟದ ಹಾಳೆ!" ಎಂದ ರೋಮುಲೊ, ಬಗ್ಗಿ ನೋಡಿ. "ಹೋದ ವರ್ಷ ಮಾರ್ಚಲ್ಲಿ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಭೆ ಅಂತ ಕರೆದು ಕೋಳಿ ಪೊಟ್ಟಣ ಕೊಟ್ಟಿದ್ರಲ್ಲ. ಸಹಿ ಹಾಕಿದೋರಿಗೆ ಪೊಟ್ಟಣ. ನಾನೂ ಹಾಕಿದೀನಿ, ಇಗೋ."

"ಆ ಹಾಳೆ ಸರಿ," ಎಂದಳು ಮರಿವಿಕ್. "ಮೇಲಿನ ಕಾಗದ?"

ಕ್ರಿಸಾಂತೊನಿಗೆ ಆ ಮಧ್ಯಾಹ್ನ ಪೂರ್ತಿ ನೆನಪಿಗೆ ಬಂತು. ಸೊಲೆದಾದ್ ಅದೇ ವಾರ ಆಸ್ಪತ್ರೆ ಸೇರಿದ್ದಳು. ಊರಿನ ಮುಖ್ಯಸ್ಥ, ಎಲ್ಲರೂ ಕ್ಯಾಪ್ಟನ್ ಎನ್ನುವ ತರ್ಸಿಂಗ್, ಜೀಪಿನಿಂದ ಇಳಿದು ಮೊದಲು ಚೀಟಿ ಕೊಟ್ಟಿದ್ದ, "ಮೇಯರ್ ಕಳಿಸಿದಾರೆ, ಆಸ್ಪತ್ರೇಲಿ ತೋರಿಸು" ಎಂದು. ಆಮೇಲೆ ಜೀಪಿನ ಮುಂಭಾಗದ ಮೇಲೆ ಕಾಗದಗಳನ್ನು ಹರಡಿದ್ದ. ಇಲ್ಲೊಂದು, ಇಲ್ಲೊಂದು, ಇಲ್ಲೊಂದು.

"ಕೆಲಸ ಶುರು ಮಾಡೋಕೆ ಬೇಕು ಅಂದಿದ್ದ ತರ್ಸಿಂಗ್," ಕ್ರಿಸಾಂತೊ ಮೆತ್ತಗೆ ಹೇಳಿದ. "ಇಂಗ್ಲಿಷಲ್ಲಿತ್ತು. ಕನ್ನಡಕ ಮನೇಲಿ ಬಿಟ್ಟು ಹೋಗಿದ್ದೆ."

ಸೊಲೆದಾದ್ ಬಾಟಲಿಯ ಮುಚ್ಚಳ ತಿರುಗಿಸಿ ಒಂದು ಗುಟುಕು ಕುಡಿದಳು.

"ಅವತ್ತು ನಿನ್ನ ಬಾಯಲ್ಲಿ ಏನಿತ್ತು ಲೋಲೊ?" ಎಂದು ಐರಾ ತಡೆಯಲಾರದೆ ಕೇಳಿಬಿಟ್ಟಳು. ಅವಳಮ್ಮ ಮೊಣಕೈಯಿಂದ ತಿವಿದಳು.

"ಕೋಳಿ," ಎಂದ ಕ್ರಿಸಾಂತೊ.

ಅಂದು ಸಂಜೆಯೇ ಮನೆಯಲ್ಲಿ ಜಗಳ ಹತ್ತಿತು. ಪಾತ್ರೆ ತೊಳೆಯುತ್ತ ಮರಿವಿಕ್ ಶುರುಮಾಡಿದಳು.

"ಇದನ್ನ ರೇಡಿಯೊದಲ್ಲಿ ಹೇಳಲ್ಲ ಅಂತ ಮಾತು ಕೊಡಿ ಅಪ್ಪ."

"ನಾನಿನ್ನೂ ಏನೂ ಅಂದಿಲ್ಲ."

"ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ. ಡಿಸೆಂಬರ್ ಕೊನೇಲಿ ನನ್ನ ಕಾಗದ ಹೊಸದಾಗ್ಬೇಕು. ಅತ್ತೆ ಚೀಟಿಗೆ ಮೊದಲ ಮಂಗಳವಾರ ಹೋಗ್ಬೇಕು. ಎರಡಕ್ಕೂ ಸಹಿ ಹಾಕೋದು ಒಂದೇ ಕೈ. ರಾಜಧಾನಿಯೋರ್ನ ಬೈತಿದ್ರಲ್ಲ, ಬೈಯಿರಿ. ಅವರು ದೂರ ಇದಾರೆ, ಅವರಿಗೇನೂ ಕೇಳ್ಸಲ್ಲ."

"ಕೇಳ್ಸಲ್ಲ ಅಂತಾನೇ ಬೈತಿದ್ನಾ ಇಷ್ಟು ದಿನ?"

"ನಾನು ಹಾಗಂದೆನಾ?"

"ಅಂದ್ಯಲ್ಲ ಈಗ!"

"ಅವಳ ಮೇಲ್ಯಾಕೆ ಹಾಯ್ತೀಯ ಅಪ್ಪ," ಎಂದ ರೋಮುಲೊ. "ಈ ಮನೇಲಿ ತಿಂಗಳ ಸಂಬಳ ಅಂತ ಬರೋದು ಅವಳದ್ದೊಂದೇ. ನನ್ನ ಗಾಡಿ ಬಾಡಿಗೆ ಪೆಟ್ರೋಲಿಗೇ ಸರಿಹೋಗುತ್ತೆ."

"ಹಾಗಾದ್ರೆ ಕಾಲುವೆ? ಪುಸ್ತಕದಲ್ಲಿ ಮುಗಿದಿದೆ ಅಂದ್ಮೇಲೆ ಇನ್ನೊಂದ್ಸಲ ದುಡ್ಡು ಕೊಡ್ತಾರಾ? ನಿನ್ನ ಮಕ್ಕಳ ಕಾಲಕ್ಕೂ ಇಲಾವೊದ್ ಒಂದೇ ಬೆಳೆ ಬೆಳೀಬೇಕು."

ಐರಾ ಮೆಟ್ಟಿಲ ಮೇಲೆ ಕೂತು ಚೀಟಿಯ ಹಳೆಯ ಪ್ರತಿಯೊಂದನ್ನು ಓದುತ್ತಿದ್ದಳು. "ಇದ್ರ ಮೇಲೇ ಬರೆದಿದೆ, ಸಾರ್ವಜನಿಕ ನಿಧಿಯಿಂದ ಅಂತ. ಮೇಯರ್ ಜೇಬಿಂದಲ್ಲ. ನಾವು ಸಕ್ಕರೆ ಕೊಂಡ್ರೂ ಸೋಪು ಕೊಂಡ್ರೂ ಕೊಡೋ ತೆರಿಗೆ ಇದು. ಅವರಿಗ್ಯಾಕೆ ಹೆದರ್ಬೇಕು?"

"ಹೆದರಿಕೆ ಅಲ್ಲ ಕಣೇ," ಆಗ ಮೊದಲ ಸಲ ಸೊಲೆದಾದ್ ಬಾಯಿ ಬಿಟ್ಟಳು. "ದುಡ್ಡು ಯಾರದ್ದೋ, ನಂಗೇನು ಗೊತ್ತು. ಆ ಬೆಂಚಿನ ಮೇಲೆ ಸರದಿಲಿ ಕೂತು, ತಲೆ ತಗ್ಗಿಸಿ, ಕೈಯೊಡ್ಡಿ ಇಸ್ಕೊಂಡೋಳು ನಾನು. ಕೊಟ್ಟೋರ ಮುಖ ಮರೆಯೋಕಾಗಲ್ಲ. ಋಣ ಅಂದ್ರೆ ಕಾಗದದಲ್ಲಿ ಬರೆದಿರೋದಲ್ಲ."

ಅದಕ್ಕೇ ಪ್ರತಿ ಕೊಯ್ಲಿನ ನಂತರ ಅವಳು ಒಂದು ಚೀಲ ಅಂಟಕ್ಕಿಯನ್ನು ಮೇಯರರ ಮನೆಗೆ ಒಯ್ಯುತ್ತಿದ್ದಳು. ಈ ವರ್ಷದ್ದು ಕುಟ್ಟಿಸಿ, ಬಾಯಿ ಹೊಲಿದು, ಮಂಚದ ಕೆಳಗೆ ಇಟ್ಟಾಗಿತ್ತು.

ಮುಂದಿನ ಶನಿವಾರ ಕ್ರಿಸಾಂತೊ ರೇಡಿಯೊ ಹಚ್ಚಲಿಲ್ಲ. ಆದರೆ ಪಕ್ಕದ ಮನೆಯ ರೇಡಿಯೊ ಬೇಲಿ ದಾಟಿ ಕೇಳಿಸುತ್ತಿತ್ತು. "ಇಲಾವೊದ್‌ನ ಸಾಂತೊ ಎಲ್ಲಿ? ಸಾಂತೊ, ಬಾಯಲ್ಲಿ ಏನಿದೆ?" ಎಂದು ತೋತಿಂಗ್ ನಗುತ್ತಿದ್ದ. ಕ್ರಿಸಾಂತೊ ಕುಂಟೆ ಹಿಡಿದು ಭತ್ತವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆಯುತ್ತಲೇ ಇದ್ದ. ಅದು ಒಣಗಿ ಎರಡು ದಿನವಾಗಿತ್ತು.

ಸೋಮವಾರ ತರ್ಸಿಂಗ್ ಬಂದ. ಅವನು ರೋಮುಲೊನ ಜ್ಞಾನಸ್ನಾನಕ್ಕೆ ನಿಂತ ಧರ್ಮಪಿತ, ಆ ನಂಟಿನಿಂದ ಕ್ರಿಸಾಂತೊನಿಗೆ ಕುಂಪಾರೆ. ಟಾರ್ಪಾಲಿನ ಮೇಲಿನ ಮುಖವನ್ನು ನೋಡಿದವನೇ ಸುತ್ತು ಹಾಕಿಕೊಂಡು ಬಂದು ಬೆಂಚಿನ ಮೇಲೆ ಕೂತ.

"ಶನಿವಾರ ನಿನ್ನ ದನಿ ಇರ್ಲಿಲ್ಲ ಕುಂಪಾರೆ. ಗಂಟಲು ನೋವಾ?"

"ಹೂಂ."

"ಒಳ್ಳೇದು. ಮಾತು ಕಮ್ಮಿ ಆದ್ರೆ ಗಂಟಲು ತಾನೇ ವಾಸಿ ಆಗುತ್ತೆ." ಮರಿವಿಕ್ ತಂದಿಟ್ಟ ಕಾಫಿಯನ್ನು ಅವನು ಊದಿ ಕುಡಿದ. "ನೋಡು, ಪಟ್ಟಿ ನೀನೂ ನೋಡಿರ್ತೀಯ. ಜನವರೀಲಿ ರಾಜಧಾನಿಯಿಂದ ತಪಾಸಣೆಗೆ ಬರ್ತಾರಂತೆ. ಗುತ್ತಿಗೆದಾರ ಕೈ ಎತ್ತಿದಾನೆ. ಮೇಯರ್ ಪಾಪ, ಅವರಿಗೂ ಮೋಸ ಆಗಿದೆ. ಸಹಿ ಯಾರದ್ದು ಅಂತ ನಾನು ಹೇಳ್ಬೇಕಾಗಿಲ್ಲ."

"ನೀನೇ ಹಾಕಿಸಿದ್ದು."

"ಹಾಕಿದ್ದು ನೀನು. ಹೋಗ್ಲಿ ಬಿಡು, ಜಗಳಕ್ಕೆ ಬಂದಿಲ್ಲ ನಾನು. ಉಪಾಯ ಇದೆ. ನಿಮ್ಮ ಸಂಘದಲ್ಲಿ ನಲವತ್ತು ಜನ ಇದೀರಿ. ಗುದ್ದಲಿ ಇದೆ. ಸಿಮೆಂಟ್ ಮೂವತ್ತು ಚೀಲ ನಾನು ತರಿಸ್ತೀನಿ. ಕಾಲುವೆ ತೋಡಿಬಿಡಿ. ನೀರು ಬರುತ್ತೆ, ಸಹೀನೂ ನಿಜ ಆಗುತ್ತೆ. ಯಾರೂ ಸುಳ್ಳುಗಾರರಾಗಲ್ಲ. ಏನಂತೀಯ?"

ಕ್ರಿಸಾಂತೊ ಕಾಲುವೆಯ ಕಡೆ ನೋಡಿದ. ಅವನಿಗೆ ಆ ಮಾತು ಹಿಡಿಸಿತ್ತು. ಹಿಡಿಸಿತಲ್ಲ ಎಂದು ನಾಚಿಕೆಯೂ ಆಗಿತ್ತು.

ಮಂಗಳವಾರ ಊರಿಗೆ ಊರೇ ಕಾಲುವೆಗೆ ಇಳಿಯಿತು. ಗುದ್ದಲಿ, ಬುಟ್ಟಿ, ಹಳೆಯ ಎಣ್ಣೆ ಡಬ್ಬ. ಹೆಂಗಸರು ದಂಡೆಯ ಮೇಲೆ ಒಲೆ ಹೂಡಿ ಕೋಳಿ ಹಾಕಿ ಗಂಜಿ ಬೇಯಿಸಿದರು. ಕ್ರಿಸಾಂತೊ ಹರೆಯದವರಿಗೆ ಸಮವಾಗಿ ಹೂಳೆತ್ತಿದ. ಎಷ್ಟೋ ದಿನಗಳ ಮೇಲೆ ಊಟ ರುಚಿಸಿತು. ಎರಡನೆಯ ದಿನ ಬೆನ್ನು ಹಿಡಿದುಕೊಂಡರೂ ಮನೆಯಲ್ಲಿ ಮಲಗಲಿಲ್ಲ. ತೋಡಿದ ಕಡೆ ಹಸಿಮಣ್ಣಿನ ವಾಸನೆ ಬರುತ್ತಿತ್ತು. 'ಆಗುತ್ತೆ, ಮಾಡಬಹುದು' ಎಂದುಕೊಂಡ.

ಮೂರನೆಯ ದಿನ ಮಧ್ಯಾಹ್ನ ಜೀಪು ಬಂತು. ಇಬ್ಬರು ಇಳಿದು ಹೊಸ ಟಾರ್ಪಾಲು ಕಟ್ಟಿದರು. ಅದೇ ನಗುಮುಖ. ಒಬ್ಬ ಕ್ಯಾಮೆರಾ ಹಿಡಿದು ಕೆಳಗೆ ಬಂದ.

"ಗುದ್ದಲಿ ಹಿಂದಕ್ಕೆ ಹಾಕಿ ಎಲ್ಲರೂ. ಫೋಟೊದಲ್ಲಿ ಕಾಣ್ಬಾರ್ದು. ಯಂತ್ರದಲ್ಲಿ ಮಾಡಿದ ಕೆಲಸ ಇದು."

"ಯಂತ್ರ ಎಲ್ಲಿ?" ಯಾರೋ ಕೇಳಿದರು.

"ಊಟಕ್ಕೆ ಹೋಗಿದೆ," ಎಂದ ರೋಮುಲೊ. ಎಲ್ಲರೂ ನಕ್ಕರು. ಕ್ಯಾಮೆರಾದವನೂ ನಕ್ಕ.

"ಹಾಗೇ ನಗ್ತಾ ಇರಿ. ಇನ್ನೂ ಸ್ವಲ್ಪ ಒತ್ತಿ ನಿಂತ್ಕೊಳ್ಳಿ, ಕಾಲುವೆ ಕೊನೆ ಕಾಣ್ತಿದೆ, ಅದನ್ನ ಮುಚ್ಚಿ."

ಫೋಟೊ ಮುಗಿಯಿತು. ಜೀಪಿನಿಂದ ಪೊಟ್ಟಣಗಳು ಇಳಿದವು. ಅವುಗಳ ಹಿಂದೆಯೇ ಒಂದು ಹಾಳೆ ಕೈಯಿಂದ ಕೈಗೆ ದಾಟುತ್ತ ಬಂತು. "ಸಹಿ ಹಾಕಿ ಪೊಟ್ಟಣ ತಗೊಳ್ಳಿ." ಜನ ಕೈಯ ಮಣ್ಣು ಒರೆಸಿಕೊಂಡು ಸಾಲಾಗಿ ಸಹಿ ಹಾಕಿದರು. ಹಾಳೆ ಕ್ರಿಸಾಂತೊನ ಹತ್ತಿರ ಬಂದಾಗ ಅವನು ಅಂಗಿಯ ಜೇಬಿಗೆ ಕೈ ಹಾಕಿ ಕನ್ನಡಕ ತೆಗೆದ. ಹಾಳೆಯ ತಲೆಯಲ್ಲಿ ಏನೂ ಬರೆದಿರಲಿಲ್ಲ. ಅರ್ಧ ಹಾಳೆ ಖಾಲಿ ಬಿಟ್ಟು ಕೆಳಗಿನಿಂದ ಗೆರೆ ಹಾಕಿದ್ದರು.

"ಇಲ್ಲಿ ಮೇಲೆ ಏನು ಬರೀತೀರಿ?"

"ಅದು ಆಮೇಲೆ, ಲೋಲೊ. ಊಟ ಆರಿಹೋಗುತ್ತೆ."

ಹಾಳೆಯನ್ನು ಮುಂದಿನವನಿಗೆ ದಾಟಿಸಿದ. ಪೊಟ್ಟಣ ಮುಟ್ಟಲಿಲ್ಲ. ಎರಡು ಮೀಟರಿನ ಬಿದಿರಿನ ಗಳವೊಂದನ್ನು ಎತ್ತಿಕೊಂಡು, ತೋಡಿದ ಕಾಲುವೆಯನ್ನು ಅದರ ಬಾಯಿಯ ಕಡೆಯಿಂದ ಅಳೆಯುತ್ತ ನಡೆದ. ಎಲ್ಲರೂ ಉಣ್ಣುತ್ತ ನೋಡುತ್ತಿದ್ದರು. ನಲವತ್ತೆರಡು ಗಳ. ಎಂಬತ್ತನಾಲ್ಕು ಮೀಟರ್. ಮೂವತ್ತು ಚೀಲದಲ್ಲಿ ಇಪ್ಪತ್ತಾರು ಚೀಲ ಸಿಮೆಂಟ್ ಅಷ್ಟರಲ್ಲೇ ಮುಗಿದಿತ್ತು.

ಶುಕ್ರವಾರ ಸೊಲೆದಾದ್‌ಳನ್ನು ಆಸ್ಪತ್ರೆಯಿಂದ ಕರೆತರುವ ಸರದಿ ಅವನದು. ರೋಮುಲೊ ಗಾಡಿ ಓಡಿಸುತ್ತಿದ್ದ. ಮೋಟಾರ್‌ಸೈಕಲ್ಲಿಗೆ ಕಟ್ಟಿದ ಪಕ್ಕಗಾಡಿಯಲ್ಲಿ ಗಂಡ ಹೆಂಡತಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಯಂತ್ರದಿಂದ ಎದ್ದು ಬಂದ ದಿನ ಅವಳಿಗೆ ನಿತ್ರಾಣ. ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಕನ್ನಡಕ ಎಲ್ಲಿತ್ತು ಸಾಂತೊ, ಅವತ್ತು?"

ಇಂಜಿನಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ನಟಿಸಬಹುದಿತ್ತು.

"ಜೇಬಲ್ಲಿ," ಎಂದ.

"ಗೊತ್ತಿತ್ತು. ಅವತ್ತು ಸಂಜೆ ನೀನು ಆಸ್ಪತ್ರೆಗೆ ನೆಟ್ಟಗೆ ಆ ಸಭೆಯಿಂದಲೇ ಬಂದೆ. ಚೀಟೀನ ನಂಗೆ ಓದಿ ಹೇಳಿದ್ಯಲ್ಲ, ಕನ್ನಡಕ ಹಾಕ್ಕೊಂಡೇ ಓದಿದ್ದು."

"ಮೊದಲ ಸಾಲು ಓದಿದ್ದೆ. 'ಮುಗಿದಿದೆ' ಅಂತಿತ್ತು. ಚೀಟಿ ಕೈಯಲ್ಲಿತ್ತು. ನೀನು ಒಳಗೆ ಮಲಗಿದ್ದೆ. ಮುಂದಕ್ಕೆ ಓದ್ಲಿಲ್ಲ."

ಗಾಡಿ ಒಂದು ಗುಂಡಿ ಹಾರಿತು. ಸೊಲೆದಾದ್ ಅವನ ಮೊಣಕಾಲು ಹಿಡಿದುಕೊಂಡಳು, ಗುಂಡಿ ದಾಟಿದ ಮೇಲೂ ಬಿಡಲಿಲ್ಲ.

"ನನ್ನ ಹೆಸರು ಹೇಳ್ಕೊಂಡು ಬಾಯಿ ಮುಚ್ಕೋಬೇಡ. ನನ್ನ ಋಣ ನಾನು ತೀರಿಸ್ಕೋತೀನಿ. ನಿನ್ನ ಸಹಿ ನೀನು ನೋಡ್ಕೋ. ಎರಡನ್ನೂ ಸೇರಿಸಿ ಗಂಟು ಹಾಕಿದೋನು ತರ್ಸಿಂಗು. ನಾವ್ಯಾಕೆ ಹಾಗೇ ಇಟ್ಕೋಬೇಕು?"

"ಚೀಟಿ ನಿಂತ್ರೆ?"

"ಮೂರು ಸಲ ಹೋಗಿ ಎರಡು ಸಲ ಆಗುತ್ತೆ. ಮೈ ಊದ್ಕೊಳ್ಳುತ್ತೆ. ಆಸ್ಪತ್ರೇಲಿ ಹಾಗೇ ಇರೋರು ಅರ್ಧ ಜನ ಇದಾರೆ, ಮಾತಾಡ್ಸಿದೀನಿ. ನಂಗೂ ಭಯ ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ." ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಏಳು ವರ್ಷ ಆ ಹಾಳು ರೇಡಿಯೊ ಕೇಳಿಸ್ಕೊಂಡಿದೀನಿ. ಈಗ ನಿಲ್ಸಿಬಿಟ್ರೆ ಮನೇಲಿ ಹೆಣ ಇಟ್ಕೊಂಡ ಹಾಗಿರುತ್ತೆ," ಎಂದಳು.

ಶನಿವಾರ ಬೆಳಿಗ್ಗೆ ಕ್ರಿಸಾಂತೊ ಭತ್ತ ಹರವಲಿಲ್ಲ. ಅಂಗಿ ಬದಲಾಯಿಸಿ ಮೇಜಿನ ಮುಂದೆ ಕೂತ. ಮರಿವಿಕ್‌ಳನ್ನು ಕರೆದು, "ನಿಂಗೆ ಮೊದಲೇ ಹೇಳ್ತಿದೀನಿ," ಎಂದ.

"ಡಿಸೆಂಬರ್ ಕಳೀಲಿ ಅಂದ್ರೆ ಆಗಲ್ವಾ?"

"ಜನವರಿಗೆ ತಪಾಸಣೆಯೋರು ಬರ್ತಾರೆ. ಅಷ್ಟರೊಳಗೆ ಆ ಫೋಟೊ, ಆ ಖಾಲಿ ಹಾಳೆ ಹೋಗಿ ಸೇರುತ್ತೆ. ಆಮೇಲೆ ನಾನು ಕೂಗಿದ್ರೆ ಯಾರು ನಂಬ್ತಾರೆ?"

ಅವಳು ಕಣ್ಣೊರೆಸಿಕೊಂಡು ಎದ್ದು ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆಂದುಕೊಂಡ. ಅವಳು ಹೋಗಿ ರೇಡಿಯೊದ ದನಿ ಏರಿಸಿ ಬಂದು ಅಲ್ಲೇ ನಿಂತಳು.

"ಓಹೋ, ಸಾಂತೊ! ಸತ್ತೇಹೋದೆ ಅಂದ್ಕೊಂಡಿದ್ವಿ," ಎಂದ ತೋತಿಂಗ್.

"ತೋತಿಂಗ್, ಮೊನ್ನೆ ಒಂದು ಪ್ರಶ್ನೆ ಕೇಳಿದ್ದೆ. ಸಹಿ ಹಾಕಿದೋನ ಬಾಯಲ್ಲಿ ಏನಿತ್ತು ಅಂತ. ಉತ್ತರ ಸಿಕ್ತು. ಕೋಳಿ. ಆ ಬಾಯಿ ನಂದು." ಅತ್ತಲಿಂದ ನಗು ಬರಲಿಲ್ಲ. "ಇಲಾವೊದ್ ಕಾಲುವೆ ಸಾವಿರದ ಇನ್ನೂರು ಮೀಟರ್ ಮುಗಿದಿದೆ ಅಂತ ಪಟ್ಟಿಲಿದೆ. ಮುಗಿದಿಲ್ಲ. ಸರಕಾರ ಒಂದು ಗೇಣೂ ತೋಡಿಲ್ಲ. ಕಾಗದದ ಕೆಳಗಿನ ನಲವತ್ತು ಸಹಿ ಊಟಕ್ಕೆ ಹಾಕಿದ್ದು, ಅವರನ್ನ ಬಿಟ್ಬಿಡಿ. ಮೇಲಿನದು ನಂದು. ಕನ್ನಡಕ ಇರ್ಲಿಲ್ಲ ಅಂತ ಮನೇಲಿ ಹೇಳಿದ್ದೆ. ಇತ್ತು, ಜೇಬಲ್ಲೇ ಇತ್ತು. ಇಷ್ಟು ವರ್ಷ ದೊಡ್ಡೋರ್ನ ಬೈದೆ. ಬೈದಿದ್ದು ತಪ್ಪಲ್ಲ, ಮುಂದೆಯೂ ಬೈತೀನಿ. ಆದ್ರೆ ಅವರ ಕಳ್ಳತನ ನಮ್ಮೂರಿಗೆ ಬಂದಾಗ ನನ್ನ ಕೈಯಿಂದಾನೇ ಒಳಗೆ ಬಂತು. ತಪಾಸಣೆಯೋರು ಬಂದ್ರೆ ನನ್ನ ಮನೆಗೆ ಬರ್ಲಿ. ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ."

ಒಂದು ನಿಮಿಷಕ್ಕಿಂತ ಹೆಚ್ಚಾಗಿತ್ತು. ತೋತಿಂಗ್ ತಡೆಯಲಿಲ್ಲ.

ಕ್ರಿಸಾಂತೊ ಫೋನು ಕೆಳಗಿಟ್ಟ. ಮರಿವಿಕ್ ಮೂಗು ಒರೆಸಿಕೊಂಡು, "ಸೋಮವಾರ ಹೋಗಿ ನನ್ನ ಮೇಜಿನ ಮೇಲಿರೋ ಲೋಟ ತರ್ಬೇಕು. ಇಲ್ಲಾಂದ್ರೆ ಆ ಪಕ್ಕದ ಸೀಟಿನೋಳು ನುಂಗ್ತಾಳೆ," ಎಂದಳು.

ಲೋಟ ತರಬೇಕಾಗಿಯೇ ಬಂತು. ಉಳಿದಿದ್ದ ನಾಲ್ಕು ಚೀಲ ಸಿಮೆಂಟನ್ನು ಜೀಪು ಆ ಶನಿವಾರ ಮಧ್ಯಾಹ್ನವೇ ಎತ್ತಿಕೊಂಡು ಹೋಗಿತ್ತು. ಸಂಘದಲ್ಲಿ ಕೆಲವರು ಕ್ರಿಸಾಂತೊನ ಅಂಗಳಕ್ಕೆ ಬಂದು ಕೂತು ಎದ್ದುಹೋದರು; ಕೆಲವರು ದಾರಿಯಲ್ಲಿ ಎದುರಾದರೆ ಬೇಲಿ ನೋಡಿದರು. "ನಿನ್ನ ಬಾಯಿಗೆ ನಮ್ಮ ನೀರು ಹೋಯ್ತು," ಎಂದು ಒಬ್ಬ ಮುಖಕ್ಕೇ ಹೇಳಿದ. ತರ್ಸಿಂಗ್ ಬರಲೇ ಇಲ್ಲ.

ಡಿಸೆಂಬರಿನ ಮೊದಲ ಮಂಗಳವಾರ. ಸೊಲೆದಾದ್ ಚರ್ಚಿಗೆ ಉಡುವ ಬಟ್ಟೆ ಉಟ್ಟು ಮಂಚದ ಕೆಳಗಿನ ಚೀಲ ಎಳೆಸಿದಳು.

"ಲೋಲಾ, ನಿಜವಾಗ್ಲೂ ಕೊಡ್ತೀಯಾ ಅವರಿಗೆ?" ಐರಾ ಬಾಯಿ ಬಿಟ್ಟಳು.

"ಇಸ್ಕೊಂಡಿದ್ದು ಸುಳ್ಳಾ?"

ಮೇಯರರ ಮನೆಯ ಗೇಟಿನ ಹೊರಗೆ ರೋಮುಲೊ ಗಾಡಿ ನಿಲ್ಲಿಸಿದ. ಚೀಲವನ್ನು ಅವನೇ ಹೊತ್ತು ಜಗುಲಿಯ ಮೇಲಿಟ್ಟು ಬಂದ. ಕ್ರಿಸಾಂತೊ ಕಾಡುಬಾದಾಮಿ ಮರದ ಕೆಳಗೆ ನಿಂತು ಗೇಟಿನ ಕಂಬಿಗಳ ಸಂದಿಯಿಂದ ನೋಡಿದ. ಉದ್ದ ಬೆಂಚಿನ ಮೇಲೆ ಹತ್ತಾರು ಜನ. ಎಕ್ಸ್‌ರೇ ಲಕೋಟೆ, ಔಷಧಿ ಚೀಟಿ, ಮಡಿಲಲ್ಲಿ ಮಲಗಿದ ಮಕ್ಕಳು. ಸೊಲೆದಾದ್ ಹೋಗಿ ಕೊನೆಯಲ್ಲಿ ಕೂತಳು. ಪಕ್ಕದಲ್ಲಿದ್ದವಳು ಅವಳ ಗುರುತು ಹಿಡಿದು ಸ್ವಲ್ಪ ಸರಿದಳು. ಆಮೇಲೆ ಏನನ್ನಿಸಿತೋ, ಮತ್ತೆ ಹತ್ತಿರ ಬಂದು ಕೂತಳು.

ಸರದಿ ಬರುವುದಕ್ಕೆ ಎರಡು ಗಂಟೆ ಹಿಡಿಯಿತು. ಒಳಗೆ ಹೋದವಳು ಬೇಗ ಹೊರಗೆ ಬಂದಳು. ಕೈಯಲ್ಲಿ ಚೀಟಿ ಇರಲಿಲ್ಲ. ಜಗುಲಿಯ ಮೇಲೆ ಚೀಲವೂ ಇರಲಿಲ್ಲ.

"ಅಕ್ಕಿ ತಗೊಂಡ್ರಾ?"

"ತಗೊಂಡ್ರು. ಸೆಕ್ರೆಟರಿ ಆಳನ್ನ ಕರೆದು ಒಳಗೆ ಇಡ್ಸಿದ."

"ಚೀಟಿ?"

"ಮೇಯರ್ ಊರಲ್ಲಿಲ್ವಂತೆ. ಬರೋ ತಿಂಗಳು ನೋಡೋಣ ಅಂದ."

"ಇಲ್ವಾ?"

"ಪರದೆ ಹಿಂದೆ ಚಪ್ಪಲಿ ಕಾಣ್ತಿತ್ತು."

ಅವನು ಏನೋ ಹೇಳಲು ಹೋದ, ಅವಳು ತಡೆದಳು. ಗಾಡಿ ಹತ್ತಿ ಕೂತು ಬಾಟಲಿ ತೆಗೆದು ಒಂದು ಗುಟುಕು ಕುಡಿದಳು. ಮುಚ್ಚಳ ಹಾಕುವ ಮೊದಲು ಎಷ್ಟು ಉಳಿದಿದೆ ಎಂದು ಬೆಳಕಿಗೆ ಹಿಡಿದು ನೋಡಿದಳು. "ನಡಿ ರೋಮುಲೊ. ಕಾಲುವೆ ದಾರೀಲಿ ಹೋಗು."

ಕಾಲುವೆಯ ಬಾಯಲ್ಲಿ ಗಾಡಿ ನಿಂತಿತು. ಇಲಯಾದ ಗದ್ದೆಗಳಲ್ಲಿ ಹಸಿರು ಮಡಿ ಕಾಣುತ್ತಿತ್ತು. ಇತ್ತ ಅವರೆಲ್ಲ ಸೇರಿ ತೋಡಿದ ತುಂಡು ಹೊಸ ಸಿಮೆಂಟಿನಿಂದ ಬೆಳ್ಳಗಿತ್ತು. ಅಲ್ಲಿಯವರೆಗೆ ಒಂದಿಷ್ಟು ನೀರು ಬಂದು, ಹೂಳಿನ ಗೋಡೆಗೆ ತಾಗಿ ನಿಂತಿತ್ತು. ಅದರಾಚೆ ಮೇಕೆ ಮೇಯುತ್ತಿತ್ತು.

"ನಂದು ಇವತ್ತಿಗೆ ತೀರ್ತು," ಎಂದಳು ಸೊಲೆದಾದ್. "ಇನ್ನು ಅವರ ಕಡೆ ಬಾಕಿ. ಎಷ್ಟು?"

ಕ್ರಿಸಾಂತೊ ಮನಸ್ಸಿನಲ್ಲೇ ಕಳೆದ. "ಸಾವಿರದ ನೂರ ಹದಿನಾರು ಮೀಟರ್."

"ಅದೆಂಥ ಲೆಕ್ಕ?"

"ಎಂಬತ್ತನಾಲ್ಕು ಆಗಿದೆಯಲ್ಲ."

"ಅದು ನಾವು ತೋಡಿದ್ದು, ನಮ್ಮದು," ಎಂದಳು ಅವಳು. "ಅವರದ್ದು ಸಾವಿರದ ಇನ್ನೂರೂ ಬಾಕಿ. ಶನಿವಾರ ಸರಿಯಾಗಿ ಹೇಳು."